ಲಾಗ್ 2 = 0.3010 ಮತ್ತು ಅಂಥಾ ಇತರ ಆಸ್ತಿಗಳು

ಮ್ಯಾಗಜೀನ್ ಎಡಿಟರ್ ಫೋನ್ ಮಾಡಿ "ನಿಮ್ಮ ಕಾಲದ ಮರೆಯಲಾಗದ ನೆನಪುಗಳನ್ನ ಬರ್ಕೊಡಿ ಸರ್, ಓದೋ ಮಕ್ಕಳಿಗೆ ಸ್ಫೂರ್ತಿ ಆಗೋ ಹಾಗಿರ್ಲಿ" ಅಂದ್ರು. ಆಯ್ತಮ್ಮ ಅಂತ ಒಪ್ಕೊಂಡು ಪೆನ್ನು ಹಿಡ್ಕೊಂಡು ಕೂತ್ರೆ ಸ್ಫೂರ್ತಿ ಆಗೋವಂಥದ್ದು ಒಂದೂ ತಲೆಗೆ ಬರ್ತಿಲ್ಲ. ಬಂದಿದ್ದು ಏನಪ್ಪಾ ಅಂದ್ರೆ ಲಾಗ್ 2 ಅಂದ್ರೆ 0.3010, ಲಾಗ್ 3 ಅಂದ್ರೆ 0.4771. ಲಾಗ್ ಟೇಬಲ್ ಕೈಗೆ ಕೊಟ್ಟು ಒಂದು ಲೆಕ್ಕ ಮಾಡು ಅಂದ್ರೆ ಆ ಮೀನ್ ಡಿಫರೆನ್ಸ್ ಕಾಲಂ ಯಾತಕ್ಕಿತ್ತು ಅಂತ್ಲೇ ಈಗ ಗೊತ್ತಾಗಲ್ಲ, ಆದ್ರೆ ಈ ಎರಡು ನಂಬರ್ ಮಾತ್ರ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಒಂದು ಹಾರ್ಸ್ ಪವರ್ ಅಂದ್ರೆ 746 ವ್ಯಾಟ್. ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಆಗೋದು ಮೈನಸ್ 40ರಲ್ಲಿ. ಟಂಗ್‌ಸ್ಟನ್ನಿನ ಅಟಾಮಿಕ್ ನಂಬರ್ 74. ಇವನ್ನ ಇವತ್ತಿನವರೆಗೂ ಯಾರೂ ನನ್ನ ಕೇಳಿಲ್ಲ, ಕೇಳ್ತಾರೆ ಅನ್ನೋ ಆಸೆನೂ ಬಿಟ್ಟಿದೀನಿ.

ಹಾಗಾಗಿ ಮರೆಯಲಾಗದ ದೊಡ್ಡ ಸಂಗತಿಗಳ ಬಗ್ಗೆ ಬೇರೆಯವರು ಬರೀಲಿ, ನಾನು ಮರೀಬೇಕಾಗಿದ್ರೂ ಮರೆತುಹೋಗದ ಚಿಲ್ಲರೆ ಸಂಗತಿಗಳ ಬಗ್ಗೆ ಬರೀತೀನಿ. ಕಾಲೇಜು ಮುಗಿದ ಮೇಲೆ ನಾನು ಓದಿದ್ದು ಸೈಕಾಲಜಿ, ಆದ್ದರಿಂದ ಈ ವಿಷಯದಲ್ಲಿ ಒಂದೆರಡು ಮಾತಾಡೋ ಹಕ್ಕು ನನಗಿದೆ ಅಂತ ಅಂದ್ಕೊಂಡಿದೀನಿ.

ಈಚೆಗೆ ನಮ್ಮ ಬ್ಯಾಚಿನವರೆಲ್ಲ ಒಂದ್ಕಡೆ ಸೇರಿದ್ವಿ. ಪೋರ್ಷನ್ನಿನ ಸುದ್ದಿ ಒಬ್ರೂ ಎತ್ತಲಿಲ್ಲ. ಈಗ ಡಾಕ್ಟರ್ ಆಗಿರೋಳು ಒಬ್ಳು, ಮ್ಯಾಥ್ಸ್ ಮೇಡಂ ಬೋರ್ಡ್ ಒರೆಸುವಾಗ ಬಲಗಡೆ ಮೇಲಿನ ಮೂಲೇನ ಯಾವಾಗ್ಲೂ ಬಿಟ್ಟುಬಿಡ್ತಿದ್ರು, ಅಲ್ಲಿ ಯಾರೋ ಬರೆದ ಅರ್ಧ ಬ್ರಾಕೆಟ್ ವರ್ಷಪೂರ್ತಿ ಹಾಗೇ ಇತ್ತು ಅಂದ್ಳು, ಅಷ್ಟು ಜನಾನೂ ಒಟ್ಟಿಗೆ "ಹೌದ್ಹೌದು!" ಅಂತ ಕೂಗಿದ್ವಿ. ನಾಲ್ಕನೇ ಬೆಂಚಿನ ಮೊಳೆ ಎಲ್ಲರಿಗೂ ನೆನಪಿತ್ತು, ಅದಕ್ಕೆ ಸಿಕ್ಕಿ ಬಟ್ಟೆ ಹರ್ಕೊಳ್ಳದವರೇ ಕಮ್ಮಿ. ಲೈಬ್ರರಿ ಪುಸ್ತಕದ ಹಿಂದಿನ ಚೀಟೀಲಿ ಡೇಟಿನ ಸೀಲು ಸದಾ ತಲೆಕೆಳಗಾಗಿ ಬೀಳ್ತಿತ್ತು ಅಂತ ಇನ್ನೊಬ್ಬ. ಆ ಪುಸ್ತಕದ ಒಳಗೇನಿತ್ತೋ ಅಂದ್ರೆ, ಅದನ್ನ ಯಾರಪ್ಪ ತೆಗೆದು ನೋಡಿದ್ರು ಅಂತಾನೆ.

ಆದ್ರೆ ಆವತ್ತಿನ ಮಜಾ ಅಂದ್ರೆ ಅಟೆಂಡೆನ್ಸು. ಒಬ್ಬ ಒಳಗೆ ಬಂದ, ಮುಖ ಗುರುತು ಸಿಕ್ತು, ಹೆಸರು ನಾಲಿಗೆ ತುದೀಲೇ ನಿಂತುಬಿಡ್ತು, ಆದ್ರೆ ಪಕ್ಕದಲ್ಲಿದ್ದವನು "ಏ ನೀನು ಇಪ್ಪತ್ತೇಳು ಅಲ್ವೇನೋ" ಅಂದ. ಅವನೂ ಖುಷಿಯಾಗಿ "ಹೌದು ಕಣೋ, ನೀನು ಮೂವತ್ತೊಂದು" ಅಂದ. ಅಷ್ಟಾದ ಮೇಲೆ ಶುರುವಾಯ್ತು ನೋಡಿ, ಯಾರೋ ಒಬ್ರು ಒಂದನೇ ನಂಬರಿನಿಂದ ಸರ್ ಕೂಗ್ತಿದ್ದ ಧಾಟೀಲೇ ಹೆಸರು ಕೂಗೋಕೆ ಹತ್ತಿದ್ರು, ಮಧ್ಯದಲ್ಲಿ ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಎರಡು ಹೆಸರು ಹಿಂದಕ್ಕೆ ಹೋಗಿ ಮತ್ತೆ ಓಟ ತಗೊಂಡು ಬಂದ್ರೆ ತಪ್ಪಿದ ಹೆಸರು ತಾನಾಗೇ ಬಾಯಿಗೆ ಬರೋದು. ಬರದೇ ಇದ್ದವರ ಹೆಸರಿಗೂ ಯಾರೋ ಹಿಂದಿನಿಂದ ದನಿ ಬದಲಾಯಿಸಿ "ಪ್ರೆಸೆಂಟ್ ಸರ್" ಅಂದ್ರು, ಆ ಕೆಲಸ ಆಗ್ಲೂ ಅವನೇ ಮಾಡ್ತಿದ್ದಿದ್ದು.

ಆ ಪಟ್ಟೀನ ನಮ್ಮಲ್ಲಿ ಯಾರೂ ಕೂತು ಉರು ಹೊಡೆದಿದ್ದಲ್ಲ. ಪರೀಕ್ಷೆಗೆ ಅಂತ ಉರು ಹೊಡೆದಿದ್ದೆಲ್ಲ ಹಾಲ್‌ನಿಂದ ಆಚೆ ಬರೋಷ್ಟರಲ್ಲೇ ಖಾಲಿ. ಇದು ಯಾಕೆ ಹೀಗೆ ಅನ್ನೋದನ್ನ ಮೊದಲು ಅಳತೆ ಮಾಡಿ ನೋಡಿದವನು ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಜರ್ಮನಿಯವನು, 1885ರಲ್ಲಿ ಪ್ರಕಟ ಮಾಡಿದ. ಆ ಮಹಾನುಭಾವ ಬೇರೆ ಯಾರನ್ನೂ ಹಿಡ್ಕೊಂಡು ಬರಲಿಲ್ಲ, ಅರ್ಥವೇ ಇಲ್ಲದ ಸುಮಾರು 2300 ಉಚ್ಚಾರಗಳನ್ನ ಮಾಡ್ಕೊಂಡು ಅವನ್ನ ತಾನೇ ಬಾಯಿಪಾಠ ಮಾಡೋದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಪಟ್ಟಿ ಕಲಿಯೋಕೆ ಎಷ್ಟು ಕಮ್ಮಿ ಟೈಮ್ ಸಾಕಾಗುತ್ತೆ ಅಂತ ನೋಡೋದು, ಇದೇ ಕೆಲಸ. ಒಂದು ಗಂಟೆ ಕಳೆಯೋಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿರ್ತಿತ್ತು. ನಮ್ಮ ಪರೀಕ್ಷೆ ಕಥೆನೇ. ಆದ್ರೆ ಒಂದು ತಿಂಗಳಾದ ಮೇಲೂ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿತಾಯ ಆಗ್ತಿತ್ತು, ಅಂದ್ರೆ ಮೊದಲ ದಿನ ಧಡಕ್ಕಂತ ಬಿದ್ದಿದ್ದು ಆಮೇಲಾಮೇಲೆ ನಿಧಾನ ಆಗುತ್ತೆ. ಒಂದೇ ಸಲ ಗುಡ್ಡೆ ಹಾಕ್ಕೊಂಡು ಓದೋದಕ್ಕಿಂತ ಕೆಲವು ದಿನಗಳಿಗೆ ಹಂಚ್ಕೊಂಡು ಓದಿದ್ರೆ ನಿಲ್ಲುತ್ತೆ ಅಂತಾನೂ ಅವನೇ ತೋರಿಸಿದ. ಅಟೆಂಡೆನ್ಸ್ ಅಂದ್ರೆ ಅದೇ ತಾನೆ? ದಿನಾ ಸ್ವಲ್ಪ ಸ್ವಲ್ಪ, ಅದೇ ಕ್ರಮ, ಅದೇ ರಾಗ, ಮೇಲಾಗಿ ನಮ್ಮ ನಂಬರ್ ಯಾವಾಗ ಬರುತ್ತೋ ಅಂತ ಕಿವಿ ಬೇರೆ ಅಲ್ಲೇ ಇರ್ತಿತ್ತು. ಪಾಠಕ್ಕೆ ಕಿವಿ ಕೊಟ್ಟಿದ್ದಕ್ಕಿಂತ ಅದಕ್ಕೆ ಕೊಟ್ಟಿದ್ದೇ ಜಾಸ್ತಿ.

ಹ್ಯಾರಿ ಬಾರಿಕ್ ಅಂತ ಅಮೆರಿಕದ ಸಂಶೋಧಕ ಇನ್ನೂ ದೀರ್ಘ ಕಾಲದ ಲೆಕ್ಕ ತೆಗೆದ. 1975ರಲ್ಲಿ 392 ಜನ ಹಳೇ ವಿದ್ಯಾರ್ಥಿಗಳನ್ನ ಹಿಡಿದು ಅವರವರ ಸ್ಕೂಲಿನ ವಾರ್ಷಿಕ ಪುಸ್ತಕದಲ್ಲಿದ್ದ ಫೋಟೋ ತೋರಿಸಿದ್ರೆ, ಸ್ಕೂಲು ಬಿಟ್ಟು ಮೂವತ್ತು ವರ್ಷ ದಾಟಿದವರೂ ನೂರಕ್ಕೆ ತೊಂಬತ್ತರಷ್ಟು ಮುಖಗಳನ್ನ ಇವರು ನಮ್ಮವರು ಅಂತ ಗುರುತು ಹಿಡಿದ್ರು, ಆದ್ರೆ ಫೋಟೋ ನೋಡಿ ಹೆಸರು ಹೇಳಿ ಅಂದ್ರೆ ಅಷ್ಟು ಬರ್ತಿರ್ಲಿಲ್ಲ. ನಮ್ಮ ಇಪ್ಪತ್ತೇಳನೇ ನಂಬರಿನವನಿಗೆ ಇದನ್ನ ಹೇಳಿ ಸಮಾಧಾನ ಮಾಡಿದೆ. 1984ರಲ್ಲಿ ಅದೇ ಬಾರಿಕ್, ಸ್ಕೂಲು ಕಾಲೇಜಲ್ಲಿ ಸ್ಪ್ಯಾನಿಷ್ ಕಲಿತಿದ್ದ 700ಕ್ಕೂ ಮೇಲ್ಪಟ್ಟು ಜನರನ್ನ ಪರೀಕ್ಷೆ ಮಾಡಿದ. ಮೊದಲ ಮೂರರಿಂದ ಆರು ವರ್ಷದಲ್ಲಿ ಮರೆಯೋದೆಲ್ಲ ಮರೆತುಹೋಗುತ್ತೆ, ಅದನ್ನ ದಾಟಿ ಉಳಿದಿದ್ದು ಸುಮಾರು ಮೂವತ್ತು ವರ್ಷ ಹೆಚ್ಚುಕಮ್ಮಿ ಹಾಗೇ ಇರುತ್ತೆ. ನನ್ನ 0.3010 ಅಲ್ಲೇ ಎಲ್ಲೋ ಪಾಳುಬಿದ್ದ ಗೋದಾಮಲ್ಲಿ ಕೂತಿರೋ ಕಾವಲುಗಾರನ ಹಾಗೆ ಕೂತಿದೆ, ಕಾಯೋಕೆ ಸಾಮಾನಿಲ್ಲ, ಆದ್ರೂ ಡ್ಯೂಟಿ ಬಿಟ್ಟಿಲ್ಲ.

ದಿನಾ ಕೇಳಿದ್ದು ಉಳಿಯೋದು ಸರಿ, ಒಂದೇ ಒಂದು ಸಲ ನಡೆದಿದ್ದೂ ಉಳಿಯುತ್ತಲ್ಲ, ಅದಕ್ಕೇನಂತೀರಿ? ನಮ್ಮ ಕನ್ನಡ ಮೇಡಂ ಬಹಳ ಗಂಭೀರ, ಅವರು ನಕ್ಕಿದ್ದನ್ನ ನಾವು ನೋಡಿದ್ದೇ ಒಂದು ಸಲ. ಛಂದಸ್ಸಿನ ಪಾಠ, ಗಣಗಳನ್ನ ನೆನಪಿಟ್ಕೊಳ್ಳೋಕೆ "ಯಮಾತಾರಾಜಭಾನಸಲಗಂ" ಅಂತ ಹೇಳ್ಕೊಡ್ತಿದ್ರು, ಯಾವ ಗಣ ಬೇಕೋ ಆ ಅಕ್ಷರ ಹಿಡಿದು ಮುಂದಿನ ಎರಡು ಅಕ್ಷರ ಸೇರಿಸ್ಕೊಂಡ್ರೆ ಗುರು ಲಘು ಗೊತ್ತಾಗುತ್ತೆ, ಯಗಣಕ್ಕೆ ಯಮಾತಾ, ಲಘು ಗುರು ಗುರು, ಹೀಗೆ. ಹಿಂದಿನ ಬೆಂಚಲ್ಲಿ ನಿದ್ದೆ ಹೊಡೀತಿದ್ದ ಒಬ್ಬನ್ನ ಎಬ್ಬಿಸಿ "ಯಾರಪ್ಪ ಇದು ಹೇಳು" ಅಂದ್ರೆ ಅವನು ಗಾಬರಿಯಾಗಿ ಎದ್ದು "ಹೊಸ ಅಡ್ಮಿಷನ್ನಾ ಮೇಡಂ?" ಅಂದುಬಿಟ್ಟ. ಮೇಡಂ ಪುಸ್ತಕ ಅಡ್ಡ ಹಿಡ್ಕೊಂಡು ನಕ್ಕಿದ್ದು ನಮ್ಮ ಬ್ಯಾಚಿನ ಅಷ್ಟೂ ಜನಕ್ಕೆ ನೆನಪಿದೆ. ಒಂದೇ ಥರದವುಗಳ ಸಾಲಲ್ಲಿ ಬೇರೆ ಥರದ್ದೊಂದು ನುಸುಳಿದ್ರೆ ಅದೇ ಎದ್ದು ಕಂಡು ಅದೇ ನೆನಪಲ್ಲಿ ನಿಲ್ಲುತ್ತೆ ಅಂತ ಹೆಡ್ವಿಗ್ ಫೋನ್ ರೆಸ್ಟಾರ್ಫ್ ಅನ್ನೋ ಹೆಂಗಸು 1933ರಲ್ಲೇ ಬರೆದಿಟ್ಟಿದ್ರು. ಮೇಡಂ ದಿನಾ ನಗೋರಾಗಿದ್ರೆ ಆ ನಗು ನಮಗೆ ಗೊತ್ತೇ ಇರ್ತಿರ್ಲಿಲ್ಲ. ಅಂದಹಾಗೆ ಆ ಸೂತ್ರ ಕೂಡ ಹೋಗಿಲ್ಲ, ಈಗ್ಲೂ ಒಂದೇ ಉಸಿರಿಗೆ ಹೇಳ್ತೀನಿ, ಮಧ್ಯದಿಂದ ಶುರು ಮಾಡು ಅಂದ್ರೆ ಮಾತ್ರ ಆಗಲ್ಲ.

ಕೆಮಿಸ್ಟ್ರಿ ಲ್ಯಾಬಿನದು ಇನ್ನೊಂದು ಥರ. ಕಿಪ್ಸ್ ಅಪರೇಟಸ್ಸಿಂದ ಬರೋ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆ, ಲ್ಯಾಬ್ ಇದ್ದ ದಿನ ನಮ್ಮ ಪಕ್ಕ ಬೇರೆ ಸೆಕ್ಷನ್ನಿನವರು ಕೂರ್ತಿರ್ಲಿಲ್ಲ. ಈಗೆಲ್ಲಾದ್ರೂ ಚರಂಡಿ ಪಕ್ಕ ಹಾದು ಹೋದ್ರೆ ಮೂಗು ಮುಚ್ಕೊಳ್ಳೋದು ಬಿಟ್ಟು ಲ್ಯಾಬ್ ನೆನಪಾಗಿ ನಗು ಬರುತ್ತೆ, ಜೊತೆಗಿದ್ದವರು ಏನಂದ್ಕೊಳ್ತಾರೋ. ವಾಸನೆ ಸುದ್ದಿ ಮೂಗಿನಿಂದ ಮಿದುಳಿಗೆ ಹೋಗೋ ದಾರಿ ಬಹಳ ಹತ್ತಿರದ್ದು, ಕಣ್ಣು ಕಿವಿ ಸುದ್ದಿ ಮೊದಲು ಥಲಾಮಸ್ ಅನ್ನೋ ಕಡೆ ಹಾದು ಹೋಗ್ಬೇಕು, ವಾಸನೆಗೆ ಆ ಸುತ್ತಿಲ್ಲ, ನೆನಪು ಮತ್ತು ಭಾವನೆ ನೋಡ್ಕೊಳ್ಳೋ ಜಾಗದ ಪಕ್ಕಕ್ಕೇ ಸೀದಾ ಹೋಗಿ ಬೀಳುತ್ತೆ. ಸಾಲ್ಟ್ ಅನಾಲಿಸಿಸ್ಸಿನ ಸ್ಟೆಪ್ಪುಗಳು ಯಾವ ದಾರಿ ಹಿಡಿದು ಹೋದವೋ ದೇವರೇ ಬಲ್ಲ.

ಇಷ್ಟೆಲ್ಲ ನೆನಪಿದೆ ಅಂತ ಕೊಚ್ಕೊಳ್ಳೋ ಮುಂಚೆ ಒಂದು ಮಾತು. ಆವತ್ತು ಪ್ರಿನ್ಸಿಪಾಲರ ಸ್ಕೂಟರ್ ಬಣ್ಣದ ಮೇಲೆ ದೊಡ್ಡ ಜಗಳಾನೇ ಆಗೋಯ್ತು. ನೀಲಿ ಅಂತ ಅರ್ಧ ಜನ, ಹಸಿರು ಅಂತ ಅರ್ಧ ಜನ, ಸ್ಕೂಟರೇ ಇರ್ಲಿಲ್ಲ ಅವರು ನಡ್ಕೊಂಡೇ ಬರ್ತಿದ್ರು ಅಂತ ಒಬ್ಬ. ಮೂರು ಪಾರ್ಟಿಯವರೂ ಆಣೆ ಹಾಕೋಕೆ ರೆಡಿ. ಆಗ ನಾನು ಹೇಳಿದ್ದು ಚಾಲೆಂಜರ್ ಅನ್ನೋ ಅಮೆರಿಕದ ಗಗನನೌಕೆ ಕಥೆ. 1986ರ ಜನವರಿ 28ಕ್ಕೆ ಅದು ಸ್ಫೋಟ ಆದ ಮಾರನೇ ದಿನವೇ ಉಲ್ರಿಕ್ ನೈಸರ್ ಅನ್ನೋ ಪ್ರೊಫೆಸರ್ ತನ್ನ ಯೂನಿವರ್ಸಿಟಿಯ ಹುಡುಗರ ಕೈಲಿ ಸುದ್ದಿ ಎಲ್ಲಿ ಕೇಳಿದ್ರಿ, ಯಾರು ಹೇಳಿದ್ರು, ಏನು ಮಾಡ್ತಿದ್ರಿ ಅಂತ ಬರೆಸಿ ಎತ್ತಿಟ್ಟಿದ್ದ. ಎರಡೂವರೆ ವರ್ಷ ಬಿಟ್ಟು 44 ಜನರನ್ನ ಅದೇ ಪ್ರಶ್ನೆ ಕೇಳಿದ್ರೆ 11 ಜನ ಹೇಳಿದ್ದು ಮುಖ್ಯವಾದ ಒಂದು ಅಂಶದಲ್ಲೂ ತಾಳೆ ಆಗ್ಲಿಲ್ಲ, ಅವರಲ್ಲಿ ಕೆಲವರು ಹೇಳಿದ್ದು ಮಾತ್ರ ಪೂರ್ತಿ ಧೈರ್ಯವಾಗಿ. ತಮ್ಮದೇ ಕೈಬರಹ ತೋರಿಸಿದ್ರೂ ಹಳೇದು ವಾಪಸ್ ಬರ್ಲಿಲ್ಲ. ಇದನ್ನ ಕೇಳಿ ನಮ್ಮವರು ಸುಮ್ಮನಾದ್ರಾ ಅಂದ್ರೆ ಇಲ್ಲ, "ಅದು ಅವರಿಗೆ, ಸ್ಕೂಟರ್ ಹಸಿರೇ" ಅಂದ್ರು. ನನ್ನ ಓಟು ನೀಲಿಗೆ, ಅದು ಬೇರೆ ವಿಷಯ.

ಕೊನೆಗೆ ಎಲ್ಲರೂ ಒಪ್ಪಿದ್ದು ಅಂದ್ರೆ ಫಿಸಿಕ್ಸ್ ಸರ್ ಹೇಳಿದ ಕಥೆ, ಅದೂ ಅರ್ಧ ಕಥೆ. ರಾಟೆ ಪಾಠ ನಡೀತಿತ್ತು, ಲೋಡು, ಎಫರ್ಟು ಅಂತ ಬರೀತಿದ್ದವರು ಇದ್ದಕ್ಕಿದ್ದ ಹಾಗೆ ಚಾಕ್‌ಪೀಸ್ ಕೆಳಗಿಟ್ಟು "ನಾನು ಚಿಕ್ಕವನಿದ್ದಾಗ ಒಂದು ರಾತ್ರಿ ಬಾವಿ ಹತ್ರ ಹೋಗಿದ್ದೆ, ಹಗ್ಗ ತಾನಾಗೇ ಮೇಲೆ ಕೆಳಗೆ ಆಡ್ತಿತ್ತು, ಟಾರ್ಚ್ ಬಿಟ್ಟು ಬಗ್ಗಿ ನೋಡ್ತೀನಿ, ಒಳಗೆ..." ಅಂದ್ರು, ಬೆಲ್ ಹೊಡೀತು, ಪುಸ್ತಕ ಎತ್ಕೊಂಡು ಹೋದ್ರು. ಮಾರನೇ ದಿನ ಹೊಸ ಚಾಪ್ಟರ್. ಕೇಳೋ ಧೈರ್ಯ ಯಾರಿಗಿತ್ತು? ಅರ್ಧಕ್ಕೆ ನಿಲ್ಲಿಸಿದ ಕೆಲಸಗಳೇ ಮುಗಿಸಿದ್ದಕ್ಕಿಂತ ಜಾಸ್ತಿ ನೆನಪಲ್ಲಿರುತ್ತೆ ಅಂತ ಬ್ಲೂಮಾ ಝೈಗಾರ್ನಿಕ್ ಅನ್ನೋರು 1927ರಲ್ಲಿ ತೋರಿಸಿದ್ರು, ಆಮೇಲೆ ಬೇರೆಯವರು ಮಾಡಿ ನೋಡಿದಾಗ ಯಾವಾಗ್ಲೂ ಹಾಗೇ ಬರ್ಲಿಲ್ಲ ಅನ್ನೋದು ನಿಜ, ಆದ್ರೆ ಅವರ್ಯಾರೂ ನಮ್ಮ ಕ್ಲಾಸಲ್ಲಿ ಆವತ್ತು ಕೂತಿರ್ಲಿಲ್ಲ. ಬಾವಿ ಒಳಗೆ ಏನಿತ್ತು ಅಂತ ಒಬ್ಬೊಬ್ರು ಒಂದೊಂದು ಊಹೆ ಇಟ್ಕೊಂಡು ಬದುಕ್ತಿದೀವಿ, ಕಪ್ಪೆ ಅಂತ ಒಬ್ಬ, ಕಳ್ಳ ಅಂತ ಒಬ್ಳು.

ನಮ್ಮಲ್ಲಿ ಒಬ್ಬ, ಸರ್ ರಿಟೈರ್ ಆದ ಮೇಲೆ ಅವರ ಮನೆಗೇ ಹೋಗಿ, ಅದೂ ಇದೂ ಮಾತಾಡಿ, ಹೊರಡೋ ಹೊತ್ತಿಗೆ ಗಟ್ಟಿ ಮನಸ್ಸು ಮಾಡಿ ಕೇಳೇಬಿಟ್ಟನಂತೆ, "ಸರ್, ಆ ಬಾವೀಲಿ ಏನಿತ್ತು ಸರ್?" ಸರ್ ಕನ್ನಡಕ ತೆಗೆದು ಅವನನ್ನೇ ನೋಡಿ, "ಯಾವ ಬಾವಿಯಪ್ಪಾ? ನಾನು ಕ್ಲಾಸಲ್ಲಿ ಪೋರ್ಷನ್ ಬಿಟ್ಟು ಬೇರೆ ಏನೂ ಮಾತಾಡ್ತಿರ್ಲಿಲ್ವಲ್ಲ" ಅಂದ್ರಂತೆ.