ಹೊಸತೊಡಕಿನ ದಿನದ ಲೆಕ್ಕ

2024ರ ಯುಗಾದಿ ಏಪ್ರಿಲ್ 9ರಂದು ಬಂದಿತ್ತು. ಮರುದಿನ ಹೊಸತೊಡಕು. ದ್ವಿತೀಯ ಪಿಯುಸಿ ಪರೀಕ್ಷೆ-1ರ ಫಲಿತಾಂಶವೂ ಅದೇ ದಿನ. ಮಂಡ್ಯ ಸೀಮೆಯ ನಮ್ಮ ಮನೆಗಳಲ್ಲಿ ಹೊಸತೊಡಕಿನ ದಿನ ಏನಾಗುತ್ತದೆಯೋ ಅದೇ ವರ್ಷವಿಡೀ ಆಗುತ್ತದೆ ಎಂಬ ನಂಬಿಕೆ. ಆ ದಿನ ಯಾರೂ ಜಗಳವಾಡಬಾರದು, ಯಾರೂ ಅಳಬಾರದು. ನನ್ನ ಅತ್ತೆಯವರು ಬೆಳಗ್ಗೆ ಎದ್ದ ಕೂಡಲೇ ಮೊಮ್ಮಗಳ ಗಲ್ಲ ಹಿಡಿದು, "ಇವತ್ತು ನಗುನಗುತ್ತಾ ಇರಬೇಕು ಕಣವ್ವ" ಎಂದಿದ್ದರು.

ನನ್ನ ಗಂಡ ಬೆಳಗಿನ ಜಾವವೇ ಹೋಗಿ ಗುಡ್ಡೆ ಮಾಂಸದಲ್ಲಿ ನಮ್ಮ ಪಾಲು ತಂದಿದ್ದರು. ಹತ್ತು ಗಂಟೆಯ ಹೊತ್ತಿಗೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹನ್ನೊಂದಾದ ಮೇಲೆ ಫಲಿತಾಂಶದ ಪುಟ ತೆರೆಯಲು ಶುರುಮಾಡಿದೆವು. ನಾಲ್ಕನೇ ಸಲಕ್ಕೆ ತೆರೆದುಕೊಂಡಿತು. ಕನ್ನಡ 81, ಇಂಗ್ಲಿಷ್ 66, ಭೌತಶಾಸ್ತ್ರ 68, ರಸಾಯನಶಾಸ್ತ್ರ 64, ಗಣಿತ 73, ಗಣಕ ವಿಜ್ಞಾನ 84. ಒಟ್ಟು 436. ಪ್ರಥಮ ದರ್ಜೆ. ಬೇರೆ ಯಾವ ಮನೆಯಲ್ಲಾದರೂ ಸಿಹಿ ಹಂಚುವಂಥ ಫಲಿತಾಂಶ. ಮಗಳು ಮೊಬೈಲನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು.

ಅವಳು ದಡ್ಡಿಯಲ್ಲ. ಎನ್‌ಐಟಿಯಂಥ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜುಗಳಿಗೆ ಸೇರಲು ಬರೆಯುವ ಜೆಇಇ ಮೇನ್‌ನಲ್ಲಿ, ಜನವರಿಯಲ್ಲಿ, ಅವಳಿಗೆ 98 ಪರ್ಸೆಂಟೈಲ್ ದಾಟಿತ್ತು. ಅಂದರೆ ನೂರು ಮಂದಿಯಲ್ಲಿ ತೊಂಬತ್ತೆಂಟು ಮಂದಿ ಅವಳಿಗಿಂತ ಹಿಂದೆ. ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಮಾದರಿ ಪರೀಕ್ಷೆಗಳಲ್ಲಿ 180ಕ್ಕೆ 130ರ ಆಸುಪಾಸು ಬರುತ್ತಿತ್ತು. ಇಂಥ ಮಗುವಿಗೆ ಪಿಯು ರಸಾಯನಶಾಸ್ತ್ರದಲ್ಲಿ 64 ಹೇಗೆ ಬಂತು? ಅದರಲ್ಲಿ ಪ್ರಾಯೋಗಿಕದ 30 ಅಂಕ ಪೂರ್ತಿ ಬಂದಿತ್ತು. ಹಾಗಾದರೆ ಲಿಖಿತ ಪರೀಕ್ಷೆಯಲ್ಲಿ ಸಿಕ್ಕಿದ್ದು 70ಕ್ಕೆ 34.

ತಪ್ಪು ಮಗಳದ್ದಲ್ಲ ಎಂದು ನಾನು ಅಂದೇ ತೀರ್ಮಾನಿಸಿದೆ, ಇಂದಿಗೂ ಅದೇ ಮಾತು. ಅವಳು ಓದಿದ್ದು ಕೋಚಿಂಗನ್ನೂ ಪಿಯು ಪಾಠವನ್ನೂ ಒಟ್ಟಿಗೇ ಕೊಡುವ ಒಂದು ಕಾಲೇಜಿನಲ್ಲಿ. ಸೇರಿಸುವ ದಿನವೇ ಅಲ್ಲಿಯವರು, "ಪಿಯುನಲ್ಲಿ ಪಾಸಾದರೆ ಸಾಕು, ಉಳಿದದ್ದನ್ನು ನಮಗೆ ಬಿಡಿ" ಎಂದಿದ್ದರು. ನಾವು ನಂಬಿದೆವು. ನಂಬಲು ಕಾರಣವೂ ಇತ್ತು. ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಸೇರಿದ್ದು 2021ರಲ್ಲಿ. ಕೊರೊನಾದಿಂದ ಆ ವರ್ಷ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ, ರ‍್ಯಾಂಕಿಗೆ ಸಿಇಟಿ ಅಂಕವನ್ನಷ್ಟೇ ಲೆಕ್ಕ ಹಿಡಿದರು. ಹನ್ನೆರಡನೇ ತರಗತಿಯಲ್ಲಿ ಶೇಕಡಾ 75 ಬೇಕೆಂಬ ಎನ್‌ಐಟಿಗಳ ನಿಯಮವನ್ನೂ ಆ ಎರಡು ಮೂರು ವರ್ಷ ಸಡಿಲಿಸಿದ್ದರು. ಪಕ್ಕದ ಬೀದಿಯ ಹುಡುಗ ವೈದ್ಯಕೀಯ ಸೇರಿದ್ದ. ಅಲ್ಲಿ ಪಿಯು ಅಂಕ ಅರ್ಹತೆಗೆ ಮಾತ್ರ, ಸೀಟು ಕೊಡುವುದು ನೀಟ್. ಇವೆಲ್ಲ ಸೇರಿ ನಮ್ಮ ತಲೆಯಲ್ಲಿ "ಪಿಯು ಅಂಕ ಯಾರು ಕೇಳುತ್ತಾರೆ" ಎಂಬ ಮಾತು ಬೇರೂರಿಬಿಟ್ಟಿತ್ತು. ಕೊರೊನಾ ಹೋಗಿ ನಿಯಮಗಳೆಲ್ಲ ಹಳೆಯ ಜಾಗಕ್ಕೆ ಮರಳಿದ್ದವು. ಮಾತು ಮಾತ್ರ ಹಾಗೆಯೇ ಉಳಿದಿತ್ತು.

ನಾನು ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕಿ. ಅತ್ತರೆ ಆಗುವುದಿಲ್ಲ, ಲೆಕ್ಕ ಹಾಕಬೇಕು ಎನಿಸಿತು. ಟೀವಿಯ ಪಕ್ಕದಲ್ಲಿದ್ದ ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆಯತೊಡಗಿದೆ.

ಮೊದಲು ಸಿಇಟಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯಿಂದ ಅರ್ಧ, ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಿಂದ ಅರ್ಧ. ಮಗಳಿಗೆ ಸಿಇಟಿಯಲ್ಲಿ 130 ಬಂದರೆ ಐವತ್ತಕ್ಕೆ 36.11. ಪಿಯುವಿನ ಮೂರು ವಿಷಯ ಸೇರಿ 205, ಅಂದರೆ ಐವತ್ತಕ್ಕೆ 34.17. ಕೂಡಿದರೆ 70.28. ಎದುರು ಮನೆಯ ಹುಡುಗಿಗೆ ಅಂದೇ ಮೂರೂ ವಿಷಯ ಸೇರಿ 285 ಬಂದಿತ್ತು. ಅವಳು ಓದಿದ್ದು ಇಲ್ಲಿಯ ಸರ್ಕಾರಿ ಪಿಯು ಕಾಲೇಜಿನಲ್ಲಿ. ಮಾದರಿ ಪರೀಕ್ಷೆಯಲ್ಲಿ ಅವಳಿಗೆ ನೂರು ಬರುತ್ತಿತ್ತು. ಅವಳದು 47.5 ಮತ್ತು 27.78, ಒಟ್ಟು 75.28. ಮೂವತ್ತು ಪ್ರಶ್ನೆ ಹೆಚ್ಚು ಸರಿ ಮಾಡುವ ನನ್ನ ಮಗಳು ಐದು ಅಂಕ ಹಿಂದೆ. ಆ ಐದರ ನಡುವೆ ಸಾವಿರಾರು ರ‍್ಯಾಂಕುಗಳು ಕುಳಿತಿರುತ್ತವೆ.

ಅರ್ಧ, ಅರ್ಧ ಎಂದಾಗ ತಕ್ಕಡಿ ಸಮವಾಗಿದೆ ಎನಿಸುತ್ತದೆ. ಪಿಯುನಲ್ಲಿ 95 ತೆಗೆಯುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಸಿಇಟಿಯಲ್ಲಿ 180ಕ್ಕೆ 170 ತೆಗೆಯುವವರು ಎಷ್ಟು ಮಂದಿ? ಹಾಗಾಗಿ ಪಿಯುನಲ್ಲಿ ಕಳೆದುಕೊಂಡದ್ದನ್ನು ಸಿಇಟಿಯಲ್ಲಿ ತುಂಬಿಕೊಳ್ಳುವುದು ಬಹಳ ಕಷ್ಟ. ಅದನ್ನೂ ಲೆಕ್ಕ ಹಾಕಿದೆ. ಪಿಯುವಿನ 20 ಅಂಕ ಸಿಇಟಿಯ 12 ಅಂಕಕ್ಕೆ ಸಮ. 130ರಲ್ಲಿರುವವಳು 142ಕ್ಕೆ ಹೋಗಬೇಕಾದರೆ ಬೆವರು ಹರಿಸಬೇಕು. ರಸಾಯನಶಾಸ್ತ್ರದ 64ನ್ನು 84 ಮಾಡುವುದು ಅದಕ್ಕಿಂತ ಸುಲಭ.

ಆಮೇಲೆ ಎನ್‌ಐಟಿ. ನಮ್ಮ ರಾಜ್ಯದ ಸುರತ್ಕಲ್‌ನಲ್ಲಿ ಅರ್ಧದಷ್ಟು ಸೀಟು ರಾಜ್ಯದಲ್ಲೇ ಹನ್ನೆರಡನೇ ತರಗತಿ ಪಾಸು ಮಾಡಿದವರಿಗೆ. ಮಗಳ ಕಣ್ಣಿದ್ದದ್ದು ಅಲ್ಲಿಯೇ. ಆದರೆ ಜೆಇಇ ಅಂಕ ಎಷ್ಟೇ ಇದ್ದರೂ ಹನ್ನೆರಡರಲ್ಲಿ ಶೇಕಡಾ 75 ಇರಬೇಕು, ಇಲ್ಲವೇ ಮಂಡಳಿಯ ಮೊದಲ 20 ಪರ್ಸೆಂಟೈಲ್‌ನೊಳಗೆ ಇರಬೇಕು. 600ಕ್ಕೆ 436 ಎಂದರೆ 72.67. ಹಿತ್ತಲಿಗೆ ಹೋಗುವ ಮೊದಲು ಅವಳು ಮನಸ್ಸಿನಲ್ಲೇ ಇದನ್ನು ಭಾಗಿಸಿ ನೋಡಿದ್ದಳು.

ನಿಯಮದ ಪುಟವನ್ನು ತೆರೆದು ಒಂದೊಂದೇ ಸಾಲು ಓದಿದೆ. ಅಲ್ಲಿ ಆರು ವಿಷಯಗಳ ಮಾತೇ ಇಲ್ಲ. ಲೆಕ್ಕಕ್ಕೆ ಬರುವುದು ಐದು: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಒಂದು ಭಾಷೆ, ಮತ್ತು ಉಳಿದವುಗಳಲ್ಲಿ ಹೆಚ್ಚು ಅಂಕ ಬಂದಿರುವ ಇನ್ನೊಂದು. ಎರಡು ಭಾಷೆ ಇದ್ದರೆ ಹೆಚ್ಚು ಅಂಕದ್ದನ್ನೇ ಹಿಡಿಯುತ್ತಾರೆ. ಹಾಗಾದರೆ ಇಂಗ್ಲಿಷಿನ 66 ಬಿದ್ದುಹೋಯಿತು. ಕನ್ನಡ 81, ಗಣಕ ವಿಜ್ಞಾನ 84, ಜೊತೆಗೆ 205. ಒಟ್ಟು 370. ಐನೂರಕ್ಕೆ ಶೇಕಡಾ 74. ಐದು ಅಂಕ ಕಡಿಮೆ. ಐದೇ ಅಂಕ!

ಪತ್ರಿಕೆಯನ್ನು ಹಿಡಿದು ಹಿತ್ತಲಿಗೆ ಓಡಿದೆ. ಅವಳು ನೀರು ಕಾಯಿಸುವ ಒಲೆಯ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದಳು. ಅತ್ತಿದ್ದಳು, ಅತ್ತೆಯವರ ಮಾತು ನೆನಪಾಗಿ ಮುಖ ತೊಳೆದುಕೊಂಡಿದ್ದಳು.

"ಅಮ್ಮ, ನನಗೆ ಎಲ್ಲ ಉತ್ತರವೂ ಗೊತ್ತಿತ್ತು," ಎಂದಳು.

"ಗೊತ್ತಿತ್ತು ಪುಟ್ಟಿ. ಬರೆಯುವುದನ್ನು ನಿನಗೆ ಯಾರೂ ಕಲಿಸಲಿಲ್ಲ," ಎಂದೆ.

ನಾನಾದರೂ ಕಲಿಸಬಹುದಿತ್ತು. ಹಂತಹಂತವಾಗಿ ಬರೆಯಿರಿ, ಹಂತಕ್ಕೂ ಅಂಕವಿದೆ ಎಂದು ಊರಿನ ಮಕ್ಕಳಿಗೆಲ್ಲ ವರ್ಷಗಟ್ಟಲೆ ಹೇಳಿದವಳು ನಾನು. ಮನೆಯ ಮಗುವಿನ ಒಂದು ಉತ್ತರಪತ್ರಿಕೆಯನ್ನೂ ತೆಗೆದು ನೋಡಲಿಲ್ಲ. ಆ ನೋವು ಈಗಲೂ ನನ್ನಲ್ಲಿದೆ.

ಆ ವರ್ಷ ಪರೀಕ್ಷೆ-2 ಏಪ್ರಿಲ್ 29ರಿಂದ ಇತ್ತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಎರಡರಲ್ಲಿ ಹೆಚ್ಚು ಬಂದದ್ದೇ ಉಳಿಯುತ್ತದೆ. ಕಡಿಮೆಯಾದರೆ ನಷ್ಟವಿಲ್ಲ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಬರೆಯುವುದೆಂದು ಅಲ್ಲೇ, ಆ ಕಲ್ಲಿನ ಮೇಲೇ ತೀರ್ಮಾನವಾಯಿತು. ಆದರೆ ಎದುರಿಗೆ 18 ಮತ್ತು 19ಕ್ಕೆ ಸಿಇಟಿ ಇತ್ತು.

ಸಂಜೆ ಎದುರು ಮನೆಯ ಹುಡುಗಿ ಸಿಹಿ ತೆಗೆದುಕೊಂಡು ಬಂದಳು. ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಅವಳ ಸಂತೋಷದ ದಿನದಲ್ಲಿ ನಮ್ಮ ಸಂಕಟ ಹೇಳುವುದು ಬೇಡವೆಂದುಕೊಂಡಿದ್ದೆ. ಮಗಳೇ ಎಲ್ಲವನ್ನೂ ಹೇಳಿದಳು. ಅವಳು ಸುಮ್ಮನೆ ಕೇಳಿಸಿಕೊಂಡು, "ವಿದ್ಯುತ್ ದ್ವಿಧ್ರುವದ ಅಕ್ಷದ ಮೇಲಿನ ಕ್ಷೇತ್ರ, ಐದು ಅಂಕಕ್ಕೆ ಬರೆದು ತೋರಿಸು" ಎಂದಳು.

ಮಗಳು ಎರಡು ಸಾಲಿನಲ್ಲಿ ಬರೆದಳು. ಸೂತ್ರ ಸರಿಯಾಗಿಯೇ ಇತ್ತು. ಹುಡುಗಿ ನೋಡಿ, "ಇದಕ್ಕೆ ಒಂದು ಅಂಕ" ಎಂದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಚಿತ್ರ ಬರೆದಳು, ಎರಡೂ ವಿದ್ಯುದಂಶಗಳನ್ನು ಗುರುತಿಸಿದಳು, ಬಿಂದುವಿಗಿರುವ ದೂರ ಬರೆದಳು, ಒಂದೊಂದು ವಿದ್ಯುದಂಶದಿಂದ ಉಂಟಾಗುವ ಕ್ಷೇತ್ರವನ್ನು ಬೇರೆ ಬೇರೆ ಸಾಲಿನಲ್ಲಿ ಬರೆದು ಕಳೆದಳು, ಕೊನೆಯ ಸೂತ್ರಕ್ಕೆ ಚೌಕ ಹಾಕಿದಳು. ಬಲಗಡೆಯ ಅಂಚಿನಲ್ಲಿ ಯಾವ ಹಂತಕ್ಕೆ ಎಷ್ಟು ಅಂಕ ಎಂದೂ ಬರೆದಳು. ಹದಿನೇಳು ವರ್ಷದ ಹುಡುಗಿ! ಅವಳ ಕಾಲೇಜಿನ ಉಪನ್ಯಾಸಕರು ಹೀಗೆಯೇ ಬರೆಸುತ್ತಿದ್ದರಂತೆ, ವಾರಕ್ಕೊಂದು ಕಿರುಪರೀಕ್ಷೆ. ಮಗಳು ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ಕುಳಿತಳು.

"ನಿನ್ನ ನೋಟ್ಸ್ ಕೊಡುತ್ತೀಯಾ?" ಎಂದು ಕೇಳಿದಳು.

"ಕೊಡುತ್ತೇನೆ. ನೀನು ಮೂವತ್ತು ಸೆಕೆಂಡಿನಲ್ಲಿ ಲೆಕ್ಕ ಮಾಡುತ್ತೀಯಲ್ಲ, ಅದನ್ನು ನನಗೆ ಹೇಳಿಕೊಡು. ಸಿಇಟಿಯಲ್ಲಿ ನನಗೆ ಸಮಯ ಸಾಲುವುದಿಲ್ಲ."

ಮರುದಿನದಿಂದ ಇಬ್ಬರೂ ನಮ್ಮ ಜಗಲಿಯ ಮೇಲೆ ಕುಳಿತರು. ಬೆಳಗ್ಗೆ ಇವಳ ಪಾಠ, ಮಧ್ಯಾಹ್ನ ಅವಳ ಪಾಠ. ಈ ನಡುವೆ ರಸಾಯನಶಾಸ್ತ್ರದ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ 530 ರೂಪಾಯಿ ಕಟ್ಟಿ ತರಿಸಿದೆ. ಮೌಲ್ಯಮಾಪಕರ ಮೇಲೆ ನನಗೆ ಒಳಗೊಳಗೇ ಅನುಮಾನವಿತ್ತು. ಪ್ರತಿಯನ್ನು ನೋಡಿದ ಮೇಲೆ ಅದು ಹೋಯಿತು. ನಿಯಮವನ್ನು ಬರೆಯಿರಿ ಎಂದಲ್ಲಿ ಬರೀ ಸಮೀಕರಣ, ವಿವರಿಸಿ ಎಂದಲ್ಲಿ ಬಾಣದ ಗುರುತು ಹಾಕಿ ಒಂದು ಪದ. ಲೆಕ್ಕದಲ್ಲಿ ಸೂತ್ರವಿಲ್ಲ, ಏಕಮಾನವಿಲ್ಲ, ನೇರವಾಗಿ ಉತ್ತರ. ಕೈ ತುಂಬಾ ಅಂಕ ಕೊಡಲು ಮೌಲ್ಯಮಾಪಕರಿಗೆ ಅಲ್ಲಿ ಏನೂ ಇರಲಿಲ್ಲ. ಮರುಮೌಲ್ಯಮಾಪನಕ್ಕೆ ಹಾಕಲಿಲ್ಲ.

ಸಿಇಟಿ ಬಂತು, ಹೋಯಿತು. ಪಠ್ಯದಿಂದ ಹೊರಗಿನ ಪ್ರಶ್ನೆಗಳು ಬಂದವೆಂದು ರಾಜ್ಯವೆಲ್ಲ ಗದ್ದಲವಾಗಿ, ಕೊನೆಗೆ ನಾಲ್ಕೂ ವಿಷಯಗಳಿಂದ 50 ಪ್ರಶ್ನೆಗಳನ್ನು ಕೈಬಿಟ್ಟರು. ನನ್ನ ಲಗ್ನಪತ್ರಿಕೆಯ ಲೆಕ್ಕ ಅದರೊಂದಿಗೆ ಹಳತಾಯಿತು. ಅರ್ಧ ಅರ್ಧ ಎಂಬುದು ಮಾತ್ರ ಹಾಗೆಯೇ ಇತ್ತು.

ಮೇ ತಿಂಗಳಲ್ಲಿ ಪರೀಕ್ಷೆ-2ರ ಫಲಿತಾಂಶ ಬಂದಾಗ ಮಗಳಿಗೆ ರಸಾಯನಶಾಸ್ತ್ರದಲ್ಲಿ 86, ಭೌತಶಾಸ್ತ್ರದಲ್ಲಿ 79. ಐದು ವಿಷಯಕ್ಕೆ 403, ಶೇಕಡಾ 80.6. ಸುರತ್ಕಲ್‌ನಲ್ಲಿ ಅವಳು ಮೊದಲು ಬಯಸಿದ ವಿಭಾಗ ಸಿಗಲಿಲ್ಲ. ಮೂರನೇ ಸುತ್ತಿನಲ್ಲಿ ಲೋಹಶಾಸ್ತ್ರ ಸಿಕ್ಕಿತು, ಸಂತೋಷದಿಂದ ಹೋದಳು. ಎದುರು ಮನೆಯ ಹುಡುಗಿಗೆ ಸಿಇಟಿಯಲ್ಲಿ ನಾವ್ಯಾರೂ ಎಣಿಸದಷ್ಟು ಒಳ್ಳೆಯ ರ‍್ಯಾಂಕ್ ಬಂದು ಮೈಸೂರಿನಲ್ಲಿ ಸೀಟಾಯಿತು.

ಹೊರಡುವ ಹಿಂದಿನ ದಿನ ಮಗಳು ನೋಟ್ಸ್ ವಾಪಸ್ಸು ಕೊಡಲು ಹೋದಳು. ಎದುರು ಮನೆಯ ಹುಡುಗಿ ಬಲಗಡೆಯ ಪುಟಗಳಲ್ಲಿ ಮಾತ್ರ ಬರೆಯುವವಳು. ಖಾಲಿ ಇದ್ದ ಎಡಗಡೆಯ ಪುಟಗಳಲ್ಲಿ ನನ್ನ ಮಗಳು ತನ್ನ ಸಿಇಟಿ ಲೆಕ್ಕಗಳ ಅಡ್ಡದಾರಿಗಳನ್ನು ನೀಲಿ ಶಾಯಿಯಲ್ಲಿ ಬರೆದಿದ್ದಳು. ಆ ಪುಸ್ತಕ ಈಗ ಎದುರು ಮನೆಯ ಹುಡುಗಿಯ ತಮ್ಮನ ಬಳಿ ಇದೆ. ಮೊನ್ನೆ ಅವನು ಅದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದು, "ಮಿಸ್, ಮೊದಲು ಎಡಗಡೆಯದನ್ನು ಓದಲೋ, ಬಲಗಡೆಯದನ್ನೋ?" ಎಂದು ಕೇಳಿದ. ಪಕ್ಕದಲ್ಲಿ ಕೂರಿಸಿಕೊಂಡು ಬಲಗಡೆಯ ಮೊದಲ ಪುಟವನ್ನು ತೆರೆದೆ.