ದಿನಸಿ ಪಟ್ಟಿ ಆ್ಯಪ್: ಸಾಲು ಅಳಿಸುವಾಗಿನ ಅನಿಮೇಷನ್

ನನ್ನ ದಿನಸಿ ಪಟ್ಟಿಯ ಆ್ಯಪ್‌ನಲ್ಲಿ ಒಂದು ಸಾಲನ್ನು ಅಳಿಸಿದ ಕೂಡಲೇ ಕೆಳಗಿನವು ಥಟ್ಟನೆ ಮೇಲಕ್ಕೆ ಜಿಗಿಯುತ್ತಿದ್ದುದರಿಂದ, ಹೋದದ್ದು ಬೆಲ್ಲವೋ ಬೇಳೆಯೋ ಎಂಬುದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಈ ವಾರ ಫ್ಲಟರ್‌ನ (ಆ್ಯಪ್ ಕಟ್ಟಲು ಬಳಸುವ ಗೂಗಲ್‌ನ ಸಾಧನ) ಸಾಧಾರಣ ಪಟ್ಟಿಯಾದ ಲಿಸ್ಟ್‌ವ್ಯೂ ತೆಗೆದು, ಬದಲಾವಣೆಯನ್ನು ಅನಿಮೇಷನ್‌ನೊಂದಿಗೆ ತೋರಿಸುವ ಅನಿಮೇಟೆಡ್‌ಲಿಸ್ಟ್ ಅಳವಡಿಸಿದ್ದೇನೆ.

ಅನಿಮೇಟೆಡ್‌ಲಿಸ್ಟ್ ನಮ್ಮ ಡೇಟಾವನ್ನು ತಾನಾಗಿ ಗಮನಿಸುವುದಿಲ್ಲ. ಡೇಟಾದಿಂದ ಐಟಂ ತೆಗೆಯುವುದೂ, ಅನಿಮೇಟೆಡ್‌ಲಿಸ್ಟ್‌ನ ರಿಮೂವ್‌ಐಟಂ ಫಂಕ್ಷನ್ ಕರೆದು ಅದನ್ನು ತಿಳಿಸುವುದೂ ನಮ್ಮದೇ ಹೊಣೆ. ಡೇಟಾದಲ್ಲಿ ಇಲ್ಲವಾದ ಐಟಂ ತೆರೆಯ ಮೇಲೆ ಇನ್ನೂ 300 ಮಿಲಿಸೆಕೆಂಡು (ಡೀಫಾಲ್ಟ್ ಅವಧಿ ಅಷ್ಟು) ಕಾಣಿಸಬೇಕಾದ್ದರಿಂದ, ಅಷ್ಟು ಹೊತ್ತು ಅದನ್ನು ತೋರಿಸುವ ಬಿಲ್ಡರ್ (ಸಾಲಿನ ರೂಪ ಕಟ್ಟಿಕೊಡುವ ಫಂಕ್ಷನ್) ಒಂದನ್ನು ಬೇರೆಯಾಗಿಯೇ ಕೊಡಬೇಕು, ಮತ್ತು ಆ ಬಿಲ್ಡರ್ ಇಂಡೆಕ್ಸ್ (ಸಾಲಿನ ಕ್ರಮಸಂಖ್ಯೆ) ಹಿಡಿದು ಪಟ್ಟಿಯಲ್ಲಿ ಹುಡುಕದೆ, ತೆಗೆಯುವಾಗ ಕೈಗೆ ಬಂದ ಐಟಂ ಅನ್ನೇ ಬಳಸಬೇಕು. ಇಲ್ಲದಿದ್ದರೆ ಮಸುಕಾಗುತ್ತಿರುವ ಸಾಲಿನಲ್ಲಿ ಬೆಲ್ಲದ ಬದಲು ಅದರ ಕೆಳಗಿದ್ದ ಬೇಳೆಯ ಹೆಸರು ಬರುತ್ತದೆ. ಕೊನೆಯ ಐಟಂ ಆಗಿದ್ದರಂತೂ ರೇಂಜ್‌ಎರರ್ (ಪಟ್ಟಿಯಲ್ಲಿಲ್ಲದ ಸ್ಥಾನ ಕೇಳಿದಾಗ ಬರುವ ದೋಷ) ಖಚಿತ.

ಮೊದಲು ಸಾಲು ಮಸುಕಾಗಿ, ಆಮೇಲೆ ಜಾಗ ಮುಚ್ಚಿಕೊಳ್ಳಬೇಕೆಂಬುದು ನನ್ನ ಅಪೇಕ್ಷೆ. ಅಳಿಸುವಾಗ ಅನಿಮೇಷನ್‌ನ ಮೌಲ್ಯ 1ರಿಂದ 0ಗೆ ಇಳಿಯುವ ಕಾರಣ ಇಂಟರ್ವಲ್‌ಗಳನ್ನು (ಆ ಮೌಲ್ಯದ ಯಾವ ಭಾಗದಲ್ಲಿ ಯಾವುದು ನಡೆಯಬೇಕೆಂಬುದನ್ನು) ತಿರುವುಮುರುವಾಗಿ ಬರೆಯಬೇಕಾಗುತ್ತದೆ: ಮೊದಲು ನಡೆಯಬೇಕಾದ, ಮಸುಕಾಗಿಸುವ ಫೇಡ್‌ಟ್ರಾನ್ಸಿಷನ್‌ಗೆ 0.5ರಿಂದ 1, ನಂತರದ, ಜಾಗ ಮುಚ್ಚುವ ಸೈಜ್‌ಟ್ರಾನ್ಸಿಷನ್‌ಗೆ 0ಯಿಂದ 0.5. ಓದುವವರಿಗೆ ಇದು ವಿಚಿತ್ರವೆನಿಸುವುದರಿಂದ ಕೋಡ್‌ನಲ್ಲೇ ಒಂದು ಸಾಲಿನ ಕಾಮೆಂಟ್ ಹಾಕಿದ್ದೇನೆ. ಸೈಜ್‌ಟ್ರಾನ್ಸಿಷನ್ ಒಳಗಿನ ಅಕ್ಷರಗಳನ್ನು ಕುಗ್ಗಿಸುವುದಿಲ್ಲ, ಕತ್ತರಿಸುತ್ತದೆ. ಡೀಫಾಲ್ಟ್ ಆಗಿ ಮೇಲಿನಿಂದಲೂ ಕೆಳಗಿನಿಂದಲೂ ಕತ್ತರಿಸುತ್ತದೆ. ಆದರೆ ಅಷ್ಟು ಹೊತ್ತಿಗೆ ಸಾಲು ಪೂರ್ತಿ ಮಸುಕಾಗಿರುವುದರಿಂದ ಅದು ಕಾಣುವುದೇ ಇಲ್ಲ. ಇದನ್ನೆಲ್ಲ ಪರೀಕ್ಷಿಸಲು ಫ್ಲಟರ್‌ನ ಪರೀಕ್ಷಾ ಸಾಧನ ಡೆವ್‌ಟೂಲ್ಸ್‌ನ ಸ್ಲೋ ಅನಿಮೇಷನ್ಸ್ ಆಯ್ಕೆ ಬಹಳ ಅನುಕೂಲ. ಎಲ್ಲವೂ ಐದು ಪಟ್ಟು ನಿಧಾನವಾಗುತ್ತದೆ.

ಮರೆಯಾಗುತ್ತಿರುವ ಸಾಲಿನ ಡಿಲೀಟ್ ಬಟನ್ ಮತ್ತೆ ಒತ್ತಿದರೂ ಏನೂ ಆಗದಂತೆ ಆ ಸಾಲನ್ನು ಸ್ಪರ್ಶವನ್ನು ಒಳಗೆ ಬಿಡದ ಇಗ್ನೋರ್‌ಪಾಯಿಂಟರ್ ಒಳಗಿಟ್ಟಿದ್ದೇನೆ. ಆ್ಯಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಅನಿಮೇಷನ್ ಬೇಡವೆಂದು ಹೇಳಿರುವವರಿಗೆ, ಆ ಆಯ್ಕೆಯನ್ನು ಆ್ಯಪ್‌ಗೆ ತಿಳಿಸುವ ಮೀಡಿಯಾಕ್ವೆರಿಯ ಡಿಸೇಬಲ್‌ಅನಿಮೇಷನ್ಸ್ ನೋಡಿ ಅವಧಿಯನ್ನು ಸೊನ್ನೆ ಮಾಡಿದ್ದೂ ಆಯಿತು.

ಪಕ್ಕಕ್ಕೆ ಎಳೆದು ಅಳಿಸುವ ಸೌಲಭ್ಯ ಇನ್ನೂ ಬಾಕಿಯಿದೆ. ಅದಕ್ಕೆ ಬಳಸುವ ಡಿಸ್‌ಮಿಸಿಬಲ್ ವಿಜೆಟ್ (ತೆರೆಯ ಒಂದು ಘಟಕ) ಸಾಲನ್ನು ತಾನೇ ಜಾರಿಸಿ ಜಾಗವನ್ನೂ ತಾನೇ ಮುಚ್ಚುವುದರಿಂದ, ಅಲ್ಲಿ ರಿಮೂವ್‌ಐಟಂಗೆ ಖಾಲಿ ಬಿಲ್ಡರ್ ಮತ್ತು ಸೊನ್ನೆ ಅವಧಿ ಕೊಡಬೇಕು. ಇಲ್ಲವಾದರೆ ಮುಚ್ಚಿದ ಜಾಗ ಮತ್ತೆ ತೆರೆದು ಎರಡನೆಯ ಸಲ ಮುಚ್ಚುತ್ತದೆ. ಅದು ಮುಗಿದ ಮೇಲೆ ಅಳಿಸಿದ್ದನ್ನು ಮರಳಿ ತರುವ ಅಂಡೂ ಬಟನ್‌ನ ಕೆಲಸ.