ಟೆಕ್ಸಸ್‌ನ ಶುಕ್ರವಾರಗಳು, ಗುರುವಾರಗಳು

ಒಂಬತ್ತನೇ ತರಗತಿ ಮುಗಿಸಿ ನಾನು ಈ ಶಾಲೆ ಬಿಟ್ಟೆ. ಅಪ್ಪನಿಗೆ ಡಲ್ಲಾಸ್ ಹತ್ತಿರ ಕೆಲಸ ಸಿಕ್ಕಿತ್ತು, ಮನೆಮಂದಿಯೆಲ್ಲ ಟೆಕ್ಸಸ್‌ಗೆ ಹೋದೆವು. ಹೈಸ್ಕೂಲಿನ ಉಳಿದ ಓದು ಅಲ್ಲೇ. ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಮೇಷ್ಟ್ರು ಕೇಳಿದಾಗ, ಅಲ್ಲಿನ ಫುಟ್‌ಬಾಲ್ ಬಗ್ಗೆಯೇ ಬರೆಯಬೇಕು ಅನಿಸಿತು.

ಇದು ನಮ್ಮ ಮೈದಾನದಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ ಆಟ. ಶುಕ್ರವಾರ ರಾತ್ರಿ ಊರಿಗೆ ಊರೇ ಹೈಸ್ಕೂಲ್ ಸ್ಟೇಡಿಯಂಗೆ ಬರುತ್ತದೆ, ಥೇಟ್ ನಮ್ಮೂರ ಜಾತ್ರೆ. ನಾನು ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದೆ. 2013ರಲ್ಲಿ ಆಲೆನ್ ಮತ್ತು ಪಿಯರ್‌ಲ್ಯಾಂಡ್ ಶಾಲೆಗಳ ಫೈನಲ್ ನೋಡಲು ಆರ್ಲಿಂಗ್ಟನ್‌ನಲ್ಲಿ 54,347 ಜನ ಸೇರಿದ್ದರು. ಹೈಸ್ಕೂಲ್ ಹುಡುಗರ ಆಟಕ್ಕೆ!

ಇದರ ಹಿಂದಿನ ಕಥೆ ಹೇಳಿದವರು ನಮ್ಮ ಇತಿಹಾಸದ ಟೀಚರ್. ಟೆಕ್ಸಸ್‌ನ ಶಾಲೆಗಳ ಪಂದ್ಯಾವಳಿಗಳನ್ನು ನಡೆಸುವ ಯುಐಎಲ್ ಎಂಬ ಸಂಸ್ಥೆ ರಾಜ್ಯ ಚಾಂಪಿಯನ್‌ಶಿಪ್ ಶುರು ಮಾಡಿದ್ದು 1920ರ ಸೀಸನ್‌ನಲ್ಲಿ. ಮೊದಲ ಫೈನಲ್‌ನಲ್ಲೇ ಹ್ಯೂಸ್ಟನ್ನಿನ ಹೈಟ್ಸ್ ಶಾಲೆ ಮತ್ತು ಕ್ಲೀಬರ್ನ್ ಊರಿನ ಶಾಲೆ 0-0 ಸಮ ಮಾಡಿಕೊಂಡವು. ಇಬ್ಬರಿಗೂ ಪಟ್ಟ. ನನಗೆ ಜಾಸ್ತಿ ಹಿಡಿಸಿದ್ದು 1932ರ ಕಥೆ. ಫೋರ್ಟ್ ವರ್ತ್‌ನ ಮೇಸಾನಿಕ್ ಹೋಮ್ ಒಂದು ಅನಾಥಾಲಯ. ಅಲ್ಲಿದ್ದದ್ದು ಬೆರಳೆಣಿಕೆಯ ಹುಡುಗರು. ರಸ್ಟಿ ರಸೆಲ್ ಅವರ ಕೋಚ್. ದೊಡ್ಡ ದೊಡ್ಡ ಶಾಲೆಗಳನ್ನು ಸೋಲಿಸಿ ಫೈನಲ್‌ಗೆ ಬಂದು, ಕಾರ್ಸಿಕಾನಾ ಜೊತೆ 0-0 ಆಡಿದರು. ಎದುರಾಳಿಯ 20 ಗಜದ ಗೆರೆಯೊಳಗೆ ಯಾರು ಹೆಚ್ಚು ಸಲ ನುಗ್ಗಿದರು ಎಂದು ಲೆಕ್ಕ ಹಾಕಿ ಕಾರ್ಸಿಕಾನಾಗೆ ಕಪ್ ಕೊಟ್ಟರು. ಒಂದು ಪಾಯಿಂಟನ್ನೂ ಬಿಟ್ಟುಕೊಡದೆ ಸೋಲುವುದು ಎಂಥ ಸಂಕಟ, ಅಲ್ವಾ?

1954ರಿಂದ 1957ರವರೆಗೆ ಅಬಿಲೀನ್ ಶಾಲೆ ಸತತ 49 ಪಂದ್ಯ ಗೆದ್ದದ್ದನ್ನೂ ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ.

ಆದರೆ ಟೀಚರ್ ಒಂದು ದಿನ ಬೋರ್ಡ್ ಮೇಲೆ ಹಳೆಯ ಚಾಂಪಿಯನ್ನರ ಪಟ್ಟಿ ಬರೆದು, ಇದರಲ್ಲಿ ಯಾರಿಲ್ಲ ಎಂದು ಕೇಳಿದರು. ಕ್ಲಾಸಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ಕಾಲದಲ್ಲಿ ಯುಐಎಲ್ ಬಿಳಿಯರ ಶಾಲೆಗಳಿಗೆ ಮಾತ್ರ. ಕಪ್ಪು ಜನಾಂಗದ ಮಕ್ಕಳ ಶಾಲೆಗಳಿಗೆ ಪ್ರೈರಿ ವ್ಯೂ ಲೀಗ್ ಅಂತ ಬೇರೆಯೇ ಇತ್ತು. 1940ರಿಂದ ಅವರೂ ಫುಟ್‌ಬಾಲ್ ಚಾಂಪಿಯನ್‌ಶಿಪ್ ನಡೆಸಿದರು. ಶುಕ್ರವಾರ ಸ್ಟೇಡಿಯಂ ಬಿಳಿಯರ ಶಾಲೆಗಳಿಗೆ ಹೋಗುತ್ತಿತ್ತು. ಹಾಗಾಗಿ ಇವರ ಆಟ ಬುಧವಾರ, ಗುರುವಾರ. ಹ್ಯೂಸ್ಟನ್ನಿನಲ್ಲಿ ಯೇಟ್ಸ್ ಮತ್ತು ವೀಟ್ಲಿ ಶಾಲೆಗಳು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಆಡುವಾಗ ಸಾವಿರಾರು ಜನ ತುಂಬಿರುತ್ತಿದ್ದರು. ಮುಂದೆ ದೇಶಕ್ಕೆಲ್ಲ ಹೆಸರಾದ ಜೋ ಗ್ರೀನ್, ಬಬ್ಬಾ ಸ್ಮಿತ್ ಇಂಥ ಶಾಲೆಗಳಲ್ಲೇ ಆಟ ಕಲಿತವರು.

1970ರಲ್ಲಿ ಆ ಲೀಗ್ ಮುಗಿಯಿತು. ಎಲ್ಲ ಮಕ್ಕಳೂ ಒಂದೇ ಪಂದ್ಯಾವಳಿಯಲ್ಲಿ ಆಡುವಂತಾಯಿತು. ಅದು ಆಗಲೇಬೇಕಿತ್ತು. ಆದರೆ ಅದೇ ಹೊತ್ತಿಗೆ ಕಪ್ಪು ಮಕ್ಕಳ ಎಷ್ಟೋ ಶಾಲೆಗಳನ್ನು ಮುಚ್ಚಿದರು. ಮುಖ್ಯ ಕೋಚ್ ಆಗಿದ್ದವರು ಹೊಸ ಶಾಲೆಗಳಲ್ಲಿ ಸಹಾಯಕರಾದರು. ಅವರ ಟ್ರೋಫಿಗಳು, ಫೋಟೊಗಳು ಎಷ್ಟೋ ಕಡೆ ಕಸಕ್ಕೆ ಹೋದವು. ಇದನ್ನು ಕೇಳಿದ ಮೇಲೆ ಬ್ಯಾಂಡಿನಲ್ಲಿ ಕೂತಾಗಲೆಲ್ಲ ಆ ಗುರುವಾರದ ಹುಡುಗರು ನೆನಪಾಗುತ್ತಿದ್ದರು.

ಈಗಿನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಮ್ಮ ಕಾಲದಲ್ಲಿ ನಮ್ಮ ಹುಡುಗಿಯರ ಖೊಖೊ ತಂಡ ತಾಲ್ಲೂಕು ಗೆದ್ದು ಜಿಲ್ಲೆಗೆ ಹೋಗಿತ್ತು. ಆಡಿದವರ ಹೆಸರು, ಫೋಟೊ ಯಾರ ಮನೆಯಲ್ಲಾದರೂ ಇದ್ದರೆ ಕೇಳಿ ತಂದು, ಮುಂದಿನ ಸಂಚಿಕೆಯಲ್ಲಿ ಹಾಕಿ.